ಚರ್ಮದ ಗಡ್ಡೆಯಲ್ಲಿ ಕ್ಯಾನ್ಸರ್ ಕಾಂಡಕೋಶ ಹುಡುಕುವುದು ಹೇಗೆ: ಆಪರೇಷನ್ ಥಿಯೇಟರಿನಿಂದ ಫಲಿತಾಂಶದವರೆಗೆ ಸಮಗ್ರ ಮಾರ್ಗದರ್ಶಿ

ಮಣಿಪಾಲ, ಕಂಕನಾಡಿ, ದೇರಳಕಟ್ಟೆ, ಕೊಣಾಜೆ ಕಡೆಯ ಲ್ಯಾಬುಗಳಿಗೆ ಎಂಎಸ್‌ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಸೇರಿ, "ಚರ್ಮದ ಕ್ಯಾನ್ಸರಿನ ಸ್ಟೆಮ್ ಸೆಲ್" ಎಂಬ ವಿಷಯ ಸಿಕ್ಕಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡರ್ಮಟಾಲಜಿ ಅಥವಾ ಪೆಥಾಲಜಿಯಲ್ಲಿ ಎಂಡಿ ಮಾಡುತ್ತ ಥೀಸಿಸ್‌ಗೆ ಇದನ್ನೇ ಹಿಡಿದ ಡಾಕ್ಟರುಗಳಿಗೂ ಆದೀತು. ಕಿಟ್ಟಿನೊಳಗಿನ ಪ್ರೊಟೊಕಾಲ್ ಹಾಳೆ ಎಷ್ಟು ಮೈಕ್ರೋಲೀಟರ್ ಹಾಕಬೇಕೆಂದು ಹೇಳುತ್ತದೆ. ಕೆಲಸ ಎಲ್ಲಿ ಕೆಡುತ್ತದೆ, ಕೆಟ್ಟದ್ದು ಹೇಗೆ ಗೊತ್ತಾಗುತ್ತದೆ ಎಂಬುದು ಅದರಲ್ಲಿ ಇರುವುದಿಲ್ಲ. ಇಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇನೆ.

ಕ್ಯಾನ್ಸರ್ ಕಾಂಡಕೋಶ, ಅಂದರೆ ಕ್ಯಾನ್ಸರ್ ಸ್ಟೆಮ್ ಸೆಲ್, ಮೈಕ್ರೋಸ್ಕೋಪಿನಡಿ ನೋಡಿದ ಕೂಡಲೇ ಗುರುತು ಸಿಗುವಂಥದ್ದಲ್ಲ. ಅದು ಮಾಡುವ ಕೆಲಸದಿಂದ ಅದಕ್ಕೆ ಆ ಹೆಸರು. ಹೊಸ ಜಾಗಕ್ಕೆ ಹಾಕಿದರೆ ಅದು ಹೊಸ ಗಡ್ಡೆ ಹುಟ್ಟಿಸಬೇಕು. ಆ ಗಡ್ಡೆಯಲ್ಲಿ ಮೂಲ ಗಡ್ಡೆಯಲ್ಲಿದ್ದ ಬಗೆಬಗೆಯ ಕೋಶಗಳು ಮತ್ತೆ ಕಾಣಬೇಕು. ಅಲ್ಲಿಂದ ತೆಗೆದು ಮೂರನೇ ಕಡೆ ಹಾಕಿದರೂ ಇದೇ ಆಗಬೇಕು. ಈ ಮೂರನ್ನೂ ತೋರಿಸದೆ ಬರೀ ಕೋಶದ ಮೈಮೇಲಿನ ಸಿಡಿ44 ಎಂಬ ಗುರುತಿನ ಪ್ರೋಟೀನಿಗೆ ಬಣ್ಣ ಹತ್ತಿದೆ ಎಂದು "ಕಾಂಡಕೋಶ ಸಿಕ್ಕಿತು" ಎಂದು ಬರೆಯುವ ಥೀಸಿಸ್‌ಗಳು ಬೇಕಾದಷ್ಟು ಉಂಟು. ನಿಮ್ಮದು ಹಾಗಾಗಬಾರದು ಎಂದಾದರೆ ಮೊದಲ ದಿನದಿಂದಲೇ ಪ್ರತಿಯೊಂದು ಹಂತವನ್ನೂ ಆ ಕೊನೆಯ ಪರೀಕ್ಷೆಗೆ ತಕ್ಕಂತೆ ಜೋಡಿಸಬೇಕು.

ಹಂತ 1: ಯಾವ ಗಡ್ಡೆ?

ಚರ್ಮದಲ್ಲಿ ಮುಖ್ಯವಾಗಿ ಮೂರು ಕ್ಯಾನ್ಸರ್: ಬೇಸಲ್ ಸೆಲ್ ಕಾರ್ಸಿನೋಮ, ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಮೆಲನೋಮ. ಮೊದಲೆರಡನ್ನು ವಾರ್ಡಿನಲ್ಲಿ ಕರೆಯುವ ಹಾಗೆ ಬಿಸಿಸಿ, ಎಸ್‌ಸಿಸಿ ಎನ್ನುತ್ತೇನೆ.

ಬಿಸಿಸಿ ನಿಧಾನ ಬೆಳೆಯುತ್ತದೆ, ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಹೆಡ್ಜ್‌ಹಾಗ್ ಎಂಬ ಸಂಕೇತದ ದಾರಿ ಕೆಟ್ಟು, ಬಹುಪಾಲು ಪಿಟಿಸಿಎಚ್1 ಜೀನ್ ಹಾಳಾಗಿ, ಇದು ಬರುತ್ತದೆ. ಚಿತ್ರ ಇಷ್ಟು ಸ್ಪಷ್ಟವಾಗಿದ್ದರೂ ಕಲಿಯುವವರಿಗೆ ಇದು ಒಳ್ಳೆಯ ಆಯ್ಕೆಯಲ್ಲ, ಯಾಕೆಂದರೆ ದೇಹದಿಂದ ಹೊರಗೆ ತೆಗೆದರೆ ಪ್ಲೇಟಿನಲ್ಲಿಯೂ ಇಲಿಯಲ್ಲಿಯೂ ಹಟ ಹಿಡಿದು ಕೂರುತ್ತದೆ. ನಮ್ಮ ಜನರ ಮೈಬಣ್ಣದಲ್ಲಿ ಬಿಸಿಸಿ ಎಷ್ಟೋ ಸಲ ಕಪ್ಪಗೇ ಇರುತ್ತದೆ. ಮೆಲನೋಮ ಎಂದುಕೊಂಡು ತೆಗೆದದ್ದು ಪೆಥಾಲಜಿ ವರದಿಯಲ್ಲಿ ಬಿಸಿಸಿ ಆಗಿ ಬರುವುದು ಉಂಟು, ತಿರುಗಾಮುರುಗಾ ಆಗುವುದೂ ಉಂಟು. ಹಾಗಾಗಿ ಅಂತಿಮ ವರದಿ ಬರುವ ತನಕ ಟ್ಯೂಬಿನ ಮೇಲೆ ಗಡ್ಡೆಯ ಹೆಸರು ಬರೆಯಬೇಡಿ.

ಮೆಲನೋಮ ನಮ್ಮಲ್ಲಿ ಕಡಿಮೆ. ಬಂದರೂ ಪಾಶ್ಚಾತ್ಯರ ಹಾಗೆ ಬಿಸಿಲು ಬಿದ್ದ ಬೆನ್ನಿಗಿಂತ ಪಾದದಡಿ, ಅಂಗೈ, ಉಗುರಿನಡಿ ಬರುವ ಏಕ್ರಲ್ ಬಗೆಯದ್ದೇ ಹೆಚ್ಚು. ಓದುವ ಪೇಪರುಗಳ ಮೆಲನೋಮ ಬೇರೆ, ನಿಮ್ಮ ಕೈಗೆ ಸಿಗುವ ಮೆಲನೋಮ ಬೇರೆ ಎಂಬುದು ನೆನಪಿರಲಿ.

ನನ್ನ ಸಲಹೆ ಎಸ್‌ಸಿಸಿ. ವರ್ಷಗಟ್ಟಲೆ ಬಿಸಿಲಲ್ಲಿ ಗೇಯ್ದವರಲ್ಲಿ, ಹಳೆಯ ಸುಟ್ಟಗಾಯದ ಕಲೆಯಲ್ಲಿ, ವಾಸಿಯಾಗದ ಕಾಲಿನ ಹುಣ್ಣಿನಲ್ಲಿ ಇದು ಹುಟ್ಟುತ್ತದೆ. ಚೆನ್ನಾಗಿ ಮಾಗಿದ ಎಸ್‌ಸಿಸಿಯಲ್ಲಿ ಹೊರಗಿನ ಸಾಲಿನಲ್ಲಿ ಎಳೆಯ ಕೋಶ, ನಡುವೆ ಕೆರಟಿನ್ ಮುತ್ತುಗಳು. ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಕಣ್ಣಿಗೇ ಕಾಣುವ ಗಡ್ಡೆಯಲ್ಲಿ ಮೇಲು-ಕೆಳಗಿನ ಶ್ರೇಣಿ ಹುಡುಕುವುದು ಸುಲಭ.

ಹಂತ 2: ಹಳೆಯ ಜಗಳವನ್ನು ಪೂರ್ತಿ ಓದಿ

ಗಡ್ಡೆ ಕಟ್ಟಬಲ್ಲ ಕೋಶಗಳು ಬೆರಳೆಣಿಕೆಯಷ್ಟೋ ಬೇಕಾದಷ್ಟೋ ಎಂಬುದೇ ಆ ಜಗಳ. ಮೊದಲ ಸ್ಯಾಂಪಲ್ ಮುಟ್ಟುವ ಮುಂಚೆ ಇದನ್ನು ಮುಗಿಸಿ. ಟೊರಾಂಟೊದಲ್ಲಿ ಜಾನ್ ಡಿಕ್ ಅವರ ತಂಡ 1994ರಲ್ಲಿಯೂ 1997ರಲ್ಲಿಯೂ ರಕ್ತದ ಕ್ಯಾನ್ಸರನ್ನು ಇಲಿಗೆ ದಾಟಿಸಬಲ್ಲ ಕೋಶಗಳು ಬೆರಳೆಣಿಕೆಯಷ್ಟೇ ಎಂದು ತೋರಿಸಿತು. 2003ರಲ್ಲಿ ಸ್ತನದ ಗಡ್ಡೆಯಲ್ಲಿಯೂ ಅದೇ ಮಾತು ಬಂತು. ಚರ್ಮಕ್ಕೆ ಬಂದಾಗ ಕಥೆ ಸಲೀಸಾಗಿ ಮುಂದುವರಿಯಲಿಲ್ಲ.

2008ರಲ್ಲಿ ಒಂದೇ ಪತ್ರಿಕೆಯಲ್ಲಿ, ನೇಚರ್‌ನಲ್ಲಿ, ಎರಡು ಮೆಲನೋಮ ಪೇಪರುಗಳು ಬಂದವು. ಒಂದರ ಪ್ರಕಾರ ಎಬಿಸಿಬಿ5 ಎಂಬ ಪ್ರೋಟೀನ್ ಹೊತ್ತ ಕೋಶಗಳೇ ಗಡ್ಡೆ ಕಟ್ಟುವಂಥವು, ಬೇರ್ಪಡಿಸದ ಮೆಲನೋಮ ಕೋಶಗಳಲ್ಲಿ ಅಂಥದ್ದು ಸುಮಾರು 10 ಲಕ್ಷಕ್ಕೆ ಒಂದು. ಅದೇ ವರ್ಷದ ಕೊನೆಗೆ ಶಾನ್ ಮಾರಿಸನ್ ಅವರ ತಂಡದ ಎಲ್ಸಾ ಕಿಂಟಾನಾ ಮತ್ತಿತರರು ಬರೆದದ್ದು: ಆರಿಸದೆ ತೆಗೆದ ಮೆಲನೋಮ ಕೋಶಗಳಲ್ಲಿ ಸುಮಾರು ನಾಲ್ಕಕ್ಕೆ ಒಂದು ಗಡ್ಡೆ ಕಟ್ಟುತ್ತದೆ. ಒಂದೊಂದೇ ಕೋಶ ಚುಚ್ಚಿದಾಗಲೂ ನೂರಕ್ಕೆ 27ರಷ್ಟು ಗಡ್ಡೆಯಾದವು.

ಇದು ಚಿಲ್ಲರೆ ವ್ಯತ್ಯಾಸವಲ್ಲ, ಲಕ್ಷಗಟ್ಟಲೆ ಪಟ್ಟಿನ ವ್ಯತ್ಯಾಸ. ಬದಲಾದದ್ದು ಪರೀಕ್ಷೆಯ ಏರ್ಪಾಟು. ಮಾರಿಸನ್ ತಂಡ ಇನ್ನೂ ಹೆಚ್ಚು ರೋಗನಿರೋಧಕ ಶಕ್ತಿ ಕಳೆದುಕೊಂಡ ಎನ್‌ಎಸ್‌ಜಿ ತಳಿಯ ಇಲಿ ಬಳಸಿತು. ಹಿಂದಿನ ನಾಡ್-ಸ್ಕಿಡ್ ಇಲಿಗಳಲ್ಲಿ ಉಳಿದಿದ್ದ, ಹೊರಗಿನ ಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕೋಶಗಳು ಇದರಲ್ಲಿ ಇಲ್ಲ. ಜತೆಗೆ ಕೋಶಗಳನ್ನು ಮ್ಯಾಟ್ರಿಜೆಲ್ ಎಂಬ ಪ್ರೋಟೀನ್ ಜೆಲ್‌ನಲ್ಲಿ ಬೆರೆಸಿ ಹಾಕಿದರು, ಎಂಟು ವಾರಕ್ಕೆ ಮುಗಿಸದೆ ತಿಂಗಳುಗಟ್ಟಲೆ ಕಾದರು. ಅಂದರೆ ಹಿಂದಿನ ಪರೀಕ್ಷೆ ಒಂದಷ್ಟು ಮಟ್ಟಿಗೆ ಅಳೆದದ್ದು ಇಲಿಯ ಪ್ರತಿರೋಧವನ್ನು ದಾಟಿ ಬದುಕುವ ತಾಕತ್ತನ್ನು. 2010ರಲ್ಲಿ ಜಗಳ ಮತ್ತೊಂದು ಸುತ್ತು ನಡೆಯಿತು. ಒಂದು ತಂಡ ಸಿಡಿ271 ಇರುವವೇ ಮೆಲನೋಮದ ಮೂಲ ಎಂದಿತು. ಮಾರಿಸನ್ ತಂಡ ಸಿಡಿ271 ಸೇರಿ ಹಲವಾರು ಗುರುತುಗಳನ್ನು ಪರೀಕ್ಷಿಸಿ, ಇದ್ದವೂ ಇಲ್ಲದವೂ ಗಡ್ಡೆ ಕಟ್ಟುತ್ತವೆ, ಇಲ್ಲದ್ದರಿಂದ ಇದ್ದದ್ದು ಮತ್ತೆ ಹುಟ್ಟುತ್ತದೆ ಎಂದು ತೋರಿಸಿತು. ಅದೇ ವರ್ಷ ಜರಿಡ್1ಬಿ ಎಂಬ ಪ್ರೋಟೀನ್ ಇರುವ, ನಿಧಾನ ಒಡೆಯುವ ಮೆಲನೋಮ ಕೋಶಗಳ ಬಗ್ಗೆಯೂ ಪೇಪರ್ ಬಂತು. ಆ ಗುರುತು ಕೂಡ ಸ್ಥಿರವಲ್ಲ, ಬಂದು ಹೋಗುವಂಥದ್ದು ಎಂದು ಅದನ್ನು ಬರೆದವರೇ ಹೇಳಿದ್ದಾರೆ.

ಎಸ್‌ಸಿಸಿ, ಬಿಸಿಸಿಗಳಲ್ಲಿ ಶ್ರೇಣಿಯ ವಾದ, ಅಂದರೆ ಮೇಲಿನ ಕೆಲವೇ ಕಾಂಡಕೋಶಗಳಿಂದ ಉಳಿದವು ಹುಟ್ಟುತ್ತವೆ ಎಂಬ ಮಾತು, ಇನ್ನೂ ಗಟ್ಟಿಯಾಗಿ ನಿಂತಿದೆ. ಮಾನವ ಎಸ್‌ಸಿಸಿಯಲ್ಲಿ ಸಿಡಿ133 ಇರುವ ಕೋಶಗಳು ಗಡ್ಡೆ ಕಟ್ಟುತ್ತವೆ ಎಂಬ ಪೇಪರ್ 2012ರದ್ದು. ಬಿಸಿಸಿಯಲ್ಲಿ ಸಿಡಿ200 ಇರುವ, ಸಿಡಿ45 ಇಲ್ಲದ, ನೂರಕ್ಕೆ ಒಂದೆರಡರಷ್ಟೇ ಇರುವ ಕೋಶಗಳ ಬಗ್ಗೆ ಬಂದದ್ದು 2013ರಲ್ಲಿ. ಸಿಡಿ200 ಮಾಮೂಲಿ ಚರ್ಮದ ಕೂದಲ ಬುಡದ ಕಾಂಡಕೋಶಗಳ ಮೇಲೂ ಇರುತ್ತದೆ. ಗಡ್ಡೆಯ ಜತೆ ಎರಡು ಕೂದಲ ಬುಡ ಸೇರಿಕೊಂಡರೆ ನಿಮ್ಮ "ಕ್ಯಾನ್ಸರ್ ಕಾಂಡಕೋಶ"ದಲ್ಲಿ ನಿರಪರಾಧಿಗಳೂ ಇರುತ್ತವೆ.

ಹಂತ 3: ಅನುಮತಿ

ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಗೆ ಬರುವ ಮುಂಚೆ ಒಂದು ತುಂಡೂ ಲ್ಯಾಬಿಗೆ ಬರುವ ಹಾಗಿಲ್ಲ, "ಹೇಗೂ ಬಿಸಾಡುವುದಲ್ವಾ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ನೈತಿಕ ಮಾರ್ಗಸೂಚಿಯನ್ನೂ, ಅದೇ ವರ್ಷ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ತಂದ ಕಾಂಡಕೋಶ ಸಂಶೋಧನೆಯ ಮಾರ್ಗಸೂಚಿಯನ್ನೂ ಇಳಿಸಿಕೊಂಡು ಓದಿ. ಇಲಿಗೆ ಹಾಕುವುದಾದರೆ ಪ್ರಾಣಿಗಳ ಎಥಿಕ್ಸ್ ಕಮಿಟಿ ಬೇರೆ. ವೈರಸ್ ಬಳಸಿ ಜೀನ್ ಸೇರಿಸುವುದಾದರೆ ಬಯೋಸೇಫ್ಟಿ ಕಮಿಟಿಯೂ ಬೇರೆ. ಮೂರನ್ನೂ ಒಟ್ಟಿಗೇ ಹಾಕಿ. ಒಂದಾದ ಮೇಲೆ ಒಂದು ಎಂದು ಕೂತರೆ ಎಂಎಸ್‌ಸಿಯವರ ಸೆಮಿಸ್ಟರೇ ಮುಗಿದು ಹೋಗುತ್ತದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮಾತು ಮಾತ್ರ ರೋಗಿಯ ಮನೆಮಾತಿನಲ್ಲಿ ಆಗಲಿ. ಇಲ್ಲಿ ವಾರ್ಡಿಗೆ ಬರುವವರಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಆಡುವವರೆಲ್ಲ ಇದ್ದಾರೆ. ಸಹಿ ಹಾಕುವಷ್ಟು ಕನ್ನಡ ಓದಿದವರಿಗೂ "ಅಂಗಾಂಶ ಮಾದರಿ" ಎಂದರೆ ಏನೂ ತಲುಪುವುದಿಲ್ಲ. ಹೀಗೆ ಹೇಳಿದರೆ ಸಾಕು: "ಅಜ್ಜಾ, ಆಪರೇಷನ್‌ನಲ್ಲಿ ತೆಗೆದ ಗಡ್ಡೆ ಮೊದಲು ನಿಮ್ಮ ರೋಗ ಯಾವುದು ಅಂತ ನೋಡ್ಲಿಕ್ಕೆ ಹೋಗ್ತದೆ. ಅದು ಮುಗಿದು ಉಳಿದರೆ ಒಂದು ಸಣ್ಣ ತುಂಡು ನಾವು ಓದ್ಲಿಕ್ಕೆ ಇಟ್ಕೊಳ್ತೇವೆ. ಇದರಿಂದ ನಿಮಗೆ ಈಗ ಲಾಭ ಏನೂ ಇಲ್ಲ. ಬೇಡ ಅಂತ ಹೇಳಿದ್ರೂ ನಿಮ್ಮ ಚಿಕಿತ್ಸೆಗೆ ಏನೂ ಆಗುದಿಲ್ಲ." "ಇಲಿಗೆ ಹಾಕ್ತೀರಾ ಮಾರಾಯ್ರೆ?" ಎಂದು ಕೇಳಿದರೆ, ಹಾಕುವುದು ಹೌದಾದರೆ ಹೌದು ಎನ್ನಿ. ಪತ್ರದಲ್ಲಿಯೂ ಅದು ಬರೆದಿರಬೇಕು, ಎಷ್ಟು ವರ್ಷ ಇಡುತ್ತೀರಿ, ಬೇರೆ ಲ್ಯಾಬಿಗೆ ಕೊಡುತ್ತೀರೋ ಎಂಬುದೂ ಇರಬೇಕು.

ಹಂತ 4: ಥಿಯೇಟರಿನಿಂದ ಲ್ಯಾಬಿಗೆ

ಗಡ್ಡೆಯ ಮೇಲೆ ಮೊದಲ ಹಕ್ಕು ಪೆಥಾಲಜಿಯವರದ್ದು. ಅಂಚು ಎಲ್ಲಿಯವರೆಗೆ ಸ್ವಚ್ಛ ಎಂದು ಅವರು ನೋಡಬೇಕು, ರೋಗಿಯ ಮುಂದಿನ ಚಿಕಿತ್ಸೆ ಅದರ ಮೇಲೆ ನಿಂತಿದೆ. ನೀವೇ ಬ್ಲೇಡ್ ಹಿಡಿಯಬೇಡಿ. ಎಲ್ಲಿಂದ ಕೊಡಬಹುದು ಎಂದು ಅವರನ್ನೇ ಕೇಳಿ ಕತ್ತರಿಸಿಸಿಕೊಳ್ಳಿ. ನಡುವಿನ ಸತ್ತ, ಬೂದು ಬಣ್ಣದ ಭಾಗ ಬೇಡ, ಬೆಳೆಯುತ್ತಿರುವ ಅಂಚಿನ ಬದಿಯದ್ದು ಬೇಕು.

ಎಷ್ಟೋ ಸ್ಯಾಂಪಲ್ ಹಾಳಾಗುವುದು ಈ ಕಾರಣಕ್ಕೆ: ಸಿಸ್ಟರ್ ಅಭ್ಯಾಸಬಲದಿಂದ ಫಾರ್ಮಲಿನ್‌ಗೆ ಹಾಕಿಬಿಡುತ್ತಾರೆ. ಫಾರ್ಮಲಿನ್‌ಗೆ ಬಿದ್ದ ಕೋಶ ಸತ್ತ ಹಾಗೆ. ಹಿಂದಿನ ಸಂಜೆಯೇ ಥಿಯೇಟರಿಗೆ ಹೋಗಿ, ಬೇರೆ ಬಣ್ಣದ ಮುಚ್ಚಳದ, ತಣ್ಣಗಿನ ಮೀಡಿಯಾ ತುಂಬಿದ ಟ್ಯೂಬ್ ಕೊಟ್ಟು, ಕೆಲಸದಲ್ಲಿರುವ ಸಿಸ್ಟರ್ ಹತ್ತಿರವೇ ಹೇಳಿ ಬನ್ನಿ. ಚರ್ಮದ ಗಡ್ಡೆ ಎಷ್ಟೋ ಸಲ ಹುಣ್ಣಾಗಿ ಕೀವು ಕಟ್ಟಿರುತ್ತದೆ. ಆದ್ದರಿಂದ ಮೀಡಿಯಾದಲ್ಲಿ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಜತೆಗೆ ಬೂಷ್ಟು ತಡೆಯುವ ಎಂಫೊಟೆರಿಸಿನ್ ಕೂಡ ಹಾಕಿ. ಟ್ಯೂಬಿನ ಮೇಲೆ ಕೋಡ್ ಮಾತ್ರ ಇರಲಿ, ರೋಗಿಯ ಹೆಸರು ಬೇಡ.

ಮಂಗಳೂರಿನ ಥಿಯೇಟರಿನಿಂದ ಮಣಿಪಾಲದ ಸಾರ್ಟರಿಗೆ (ಬಣ್ಣದ ಗುರುತು ನೋಡಿ ಕೋಶಗಳನ್ನು ಬೇರ್ಪಡಿಸುವ ಯಂತ್ರಕ್ಕೆ) ಒಯ್ಯುವುದಾದರೆ ಹೆದ್ದಾರಿ 66ರ ಟ್ರಾಫಿಕ್ಕು, ಜುಲೈ ಮಳೆ ಎರಡನ್ನೂ ಲೆಕ್ಕ ಹಿಡಿದೇ ಸಾರ್ಟಿಂಗ್ ಸ್ಲಾಟ್ ಬುಕ್ ಮಾಡಿ. ಐಸ್ ಡಬ್ಬಿಯಲ್ಲಿ ಟ್ಯೂಬ್ ನೇರ ಐಸಿಗೆ ತಾಗದಿರಲಿ. ಅದೇ ದಿನ ಬಿಡಿಸುವುದು ಉತ್ತಮ. ಹೊರಡುವ ಮುಂಚೆ ತುಂಡನ್ನು ಮೂರು ಪಾಲು ಮಾಡಿ: ಒಂದು ಫಾರ್ಮಲಿನ್‌ಗೆ, ಒಂದು ಆರ್‌ಎನ್‌ಎ, ಡಿಎನ್‌ಎಗಾಗಿ ದ್ರವ ಸಾರಜನಕಕ್ಕೆ, ದೊಡ್ಡ ಪಾಲು ಜೀವಂತ ಕೋಶಕ್ಕೆ. ಮುಂದೆ ಇಲಿಯಲ್ಲಿ ಬೆಳೆದ ಗಡ್ಡೆ ಮೂಲದ ಹಾಗೇ ಇದೆಯೇ ಎಂದು ಹೋಲಿಸಲು ಆ ಫಾರ್ಮಲಿನ್ ತುಂಡು ಬೇಕು. ಅದನ್ನು ಮರೆತವರಿಗೆ ಎರಡನೇ ಷರತ್ತು, ಅಂದರೆ ಮೂಲದ ಬಗೆಬಗೆಯ ಕೋಶಗಳು ಮತ್ತೆ ಕಾಣಬೇಕೆಂಬುದು, ಸಾಬೀತು ಮಾಡಲು ದಾರಿಯೇ ಇರುವುದಿಲ್ಲ.

ಹಂತ 5: ತುಂಡಿನಿಂದ ಬಿಡಿ ಕೋಶಕ್ಕೆ

ಎಂಟಿಬಯಾಟಿಕ್ ಹಾಕಿದ ಪಿಬಿಎಸ್ ಉಪ್ಪುದ್ರಾವಣದಲ್ಲಿ ಮೂರು ನಾಲ್ಕು ಸಲ ತೊಳೆಯಿರಿ. ಕೊಬ್ಬು, ಸತ್ತ ಭಾಗ ಬಿಡಿಸಿ, ಎರಡು ಬ್ಲೇಡಿನಿಂದ ಒಂದು ಮಿಲಿಮೀಟರಿನಷ್ಟು ಚೂರು ಮಾಡಿ. ಪಕ್ಕದ ಒಳ್ಳೆಯ ಚರ್ಮ ಸಿಕ್ಕಿದ್ದರೆ ಅದನ್ನು ಡಿಸ್ಪೇಸ್ ಕಿಣ್ವದಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಮೇಲ್ಪದರ ಸಿಪ್ಪೆಯಾಗಿ ಕಳಚಿಬರುತ್ತದೆ. ಗಡ್ಡೆಗೆ ಹಾಗೆ ಪದರ ಇಲ್ಲ, ಅದಕ್ಕೆ 37 ಡಿಗ್ರಿಯಲ್ಲಿ ಕೊಲ್ಯಾಜಿನೇಸ್ ಕಿಣ್ವ ಬೇಕು. ಎಷ್ಟು ಹೊತ್ತು ಎಂಬುದು ಗಡ್ಡೆಯಿಂದ ಗಡ್ಡೆಗೆ ಬೇರೆ. ಅರ್ಧ ಗಂಟೆಗೊಮ್ಮೆ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ಬಿಡಿ ಕೋಶ ಹೆಚ್ಚಾಗಿ ಗೊಂಚಲು ಕಡಿಮೆಯಾದ ಕೂಡಲೇ ನಿಲ್ಲಿಸಿ.

ಸತ್ತ ಕೋಶಗಳಿಂದ ಹೊರಬಿದ್ದ ಡಿಎನ್‌ಎ ಬಸಳೆ ದಂಟಿನ ಲೋಳೆಯ ಹಾಗೆ ಎಲ್ಲವನ್ನೂ ಅಂಟಿಸುತ್ತದೆ. ಪಿಪೆಟ್ಟಿನ ತುದಿಯಿಂದ ದಾರ ಇಳಿಯುವುದು ಕಂಡರೆ ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್ ಸಾಲದಾಗಿದೆ ಎಂದು ಅರ್ಥ. ಆಮೇಲೆ 70 ಮೈಕ್ರಾನ್, 40 ಮೈಕ್ರಾನ್ ಸೋಸುವ ಬಲೆ. ಸೋಸಿ ಮುಗಿದ ಮೇಲೆ ಕೆಂಪು ರಕ್ತಕಣಗಳನ್ನು ಒಡೆದು, ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪ್ಯಾನ್ ಬ್ಲೂ ಹಾಕಿ ಎಣಿಸಿ.

ಟ್ರಿಪ್ಸಿನ್ ಬಗ್ಗೆ ಎಚ್ಚರ. ಅದು ಕೋಶಗಳನ್ನು ಬಿಡಿಸುವಾಗ ಮೈಮೇಲಿನ ಪ್ರೋಟೀನುಗಳನ್ನೂ ಕತ್ತರಿಸುತ್ತದೆ. ನೀವು ಹುಡುಕುವುದು ಅವುಗಳನ್ನೇ. ಯಾವುದೇ ಕಿಣ್ವ ಬಳಸಿದರೂ ಮೊದಲು ರಕ್ತದ ಕೋಶಗಳ ಮೇಲೋ ಸೆಲ್ ಲೈನಿನ (ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಕೋಶಗಳ) ಮೇಲೋ ಹಾಕಿ, ಹಾಕುವ ಮುಂಚೆ, ಹಾಕಿದ ಮೇಲೆ ಬಣ್ಣ ಎಷ್ಟು ಇಳಿಯುತ್ತದೆ ನೋಡಿಕೊಳ್ಳಿ. ಈ ಒಂದು ಪರೀಕ್ಷೆ ಮಾಡದೆ "ಸಿಡಿ133 ಇಲ್ಲವೇ ಇಲ್ಲ" ಎಂದು ಬರೆದರೆ, ಇಲ್ಲದ್ದು ಗಡ್ಡೆಯಲ್ಲೋ ಟ್ಯೂಬಿನಲ್ಲೋ ಯಾರಿಗೂ ಗೊತ್ತಾಗದು.

ಲೆಕ್ಕವನ್ನು ಈಗಲೇ ಹಾಕಿ. ಎರಡು ಲಕ್ಷ ಜೀವಂತ ಕೋಶ ಸಿಕ್ಕಿತು, ಅದರಲ್ಲಿ ನೂರಕ್ಕೆ ಒಂದು ಬೇಕಾದ್ದು ಎಂದಿಟ್ಟುಕೊಳ್ಳಿ. ಅಂದರೆ ಎರಡು ಸಾವಿರ. ಸಾರ್ಟರಿನಲ್ಲಿ ಅರ್ಧ ಹೋದರೆ ಒಂದು ಸಾವಿರ. ಒಂದು ಸಾವಿರ ಕೋಶದಲ್ಲಿ ಸ್ಫಿಯರ್ (ಪ್ಲೇಟಿನಲ್ಲಿ ಉಂಡೆ ಕಟ್ಟಿಸುವ ಪರೀಕ್ಷೆ), ಇಲಿ, ಆರ್‌ಎನ್‌ಎ ಮೂರೂ ಆಗುವುದಿಲ್ಲ. ಯಾವುದು ಮೊದಲು ಎಂದು ಗೈಡ್ ಜತೆ ಕೂತು ಮುಂಚೆಯೇ ತೀರ್ಮಾನಿಸಿ.

ಹಂತ 6: ಸಾರ್ಟರಿನ ಮುಂದೆ

ಗೇಟ್ ಹಾಕುವ, ಅಂದರೆ ಬೇಕಾದ ಕೋಶಗಳ ಸುತ್ತ ಪರದೆಯ ಮೇಲೆ ಗೆರೆ ಎಳೆಯುವ ಕ್ರಮ: ಮೊದಲು ಜೋಡಿಯಾಗಿ ಅಂಟಿಕೊಂಡ ಕೋಶಗಳನ್ನು ಹೊರಗಿಡಿ, ಆಮೇಲೆ ಸತ್ತವನ್ನು, ಆಮೇಲೆ ಸಿಡಿ45 ಇರುವ ಬಿಳಿ ರಕ್ತಕಣ, ಸಿಡಿ31 ಇರುವ ರಕ್ತನಾಳದ ಕೋಶಗಳನ್ನು. ಉಳಿದದ್ದರಲ್ಲಿ ಗಡ್ಡೆಯ ಕೋಶ ಹುಡುಕುವುದು. ಪ್ರತಿ ಬಣ್ಣಕ್ಕೂ ಒಂದನ್ನು ಬಿಟ್ಟು ಉಳಿದೆಲ್ಲ ಹಾಕಿದ ಕಂಟ್ರೋಲ್ ಟ್ಯೂಬ್ ಬೇಕೇ ಬೇಕು. ನೂರಕ್ಕೆ ಒಂದರಷ್ಟಿರುವ ಗುಂಪನ್ನು ಕಣ್ಣಂದಾಜಿಗೆ ಗೆರೆ ಎಳೆದು ತೆಗೆದರೆ ಏನು ಬಂದಿದೆ ಎಂದು ದೇವರೇ ಬಲ್ಲ.

ಚರ್ಮದ ಕೆಲಸದಲ್ಲಿ ಬಹಳ ಮಂದಿ ಎಡವುವ ಜಾಗ ಇಲ್ಲಿದೆ. ಸ್ತನ, ಕರುಳಿನ ಗಡ್ಡೆಗಳಿಗೆ ಬರೆದ ಪ್ರೊಟೊಕಾಲ್‌ಗಳಲ್ಲಿ ಗಡ್ಡೆಯ ಕೋಶ ಹಿಡಿಯಲು ಎಪ್‌ಕ್ಯಾಮ್ ಎಂಬ ಮೈಮೇಲಿನ ಪ್ರೋಟೀನ್ ಬಳಸುತ್ತಾರೆ. ಚರ್ಮದ ಪೆಥಾಲಜಿಯವರನ್ನು ಕೇಳಿದರೆ ನಗುತ್ತಾರೆ, ಯಾಕೆಂದರೆ ಅವರು ಬಿಸಿಸಿ, ಎಸ್‌ಸಿಸಿ ಬೇರೆ ಮಾಡುವುದೇ ಬರ್-ಇಪಿ4 ಎಂಬ ಎಪ್‌ಕ್ಯಾಮ್ ಪ್ರತಿಕಾಯದಿಂದ. ಬಿಸಿಸಿಗೆ ಬಣ್ಣ ಹತ್ತುತ್ತದೆ, ಎಸ್‌ಸಿಸಿಗೆ ಸಾಮಾನ್ಯವಾಗಿ ಹತ್ತುವುದಿಲ್ಲ. ಎಸ್‌ಸಿಸಿಯಲ್ಲಿ ಎಪ್‌ಕ್ಯಾಮ್ ಗೇಟ್ ಹಾಕಿದರೆ ನಿಮ್ಮ ಗಡ್ಡೆಯನ್ನೇ ಕಸದ ಟ್ಯೂಬಿಗೆ ಹಾಕಿದಂತೆ. ಅದಕ್ಕೆ ಬದಲು ತಳಪದರದ ಗುರುತಾದ ಸಿಡಿ49ಎಫ್, ಅಂದರೆ ಆಲ್ಫಾ-6 ಇಂಟಿಗ್ರಿನ್ ನೋಡಿ.

ಸಿಡಿ44 ಕೂಡ ಹೀಗೆಯೇ. ಮಾಮೂಲಿ ಚರ್ಮದ ತಳಪದರದ ಕೋಶಗಳಲ್ಲೆಲ್ಲ ಅದು ಇರುವುದರಿಂದ ಅದೊಂದರಿಂದ ಏನೂ ಬೇರ್ಪಡುವುದಿಲ್ಲ. ಮೆಲನೋಮದಲ್ಲಿ ಕಪ್ಪು ಮೆಲನಿನ್ ಬೇರೆ ಸೇರಿ ಬೆಳಕಿನ ಓದು ತಪ್ಪಿಸುತ್ತದೆ. ಬಣ್ಣ ಹಾಕದ ಕೋಶ ಓಡಿಸಿ ಎಷ್ಟು ಎಂದು ಮೊದಲೇ ನೋಡಿಕೊಳ್ಳಿ.

ಇರುವ ಗುಂಪು, ಇಲ್ಲದ ಗುಂಪು ಎರಡನ್ನೂ ಹಿಡಿಯಿರಿ. ಮೂರನೇ ಟ್ಯೂಬಿನಲ್ಲಿ ಸಾರ್ಟರಿನೊಳಗಿಂದಲೇ ಹಾದುಬಂದ, ಆದರೆ ಬೇರ್ಪಡಿಸದ ಕೋಶಗಳಿರಲಿ. ಹಿಡಿದದ್ದರಲ್ಲಿ ಸ್ವಲ್ಪ ಮತ್ತೊಮ್ಮೆ ಓಡಿಸಿ ಶುದ್ಧತೆ ಬರೆದಿಡಿ. "ಇಲ್ಲದ" ಗುಂಪಿನಲ್ಲಿ ನೂರಕ್ಕೆ ಎರಡು "ಇರುವ" ಕೋಶ ನುಸುಳಿದ್ದರೆ, ಅದರಿಂದ ಗಡ್ಡೆ ಬಂದಾಗ ಯಾರು ಕಟ್ಟಿದ್ದು ಎಂದು ಹೇಳಲಾಗದು.

ಹಂತ 7: ಪ್ಲೇಟಿನಲ್ಲಿ

ಮಳೆಗಾಲದಲ್ಲಿ ಕರಾವಳಿಯ ಕಲ್ಚರ್ ರೂಮಿಗೆ ಮೊದಲ ಶತ್ರು ಬೂಷ್ಟು. ರಟ್ಟಿನ ಪೆಟ್ಟಿಗೆಗಳನ್ನು ಒಳಗೆ ಇಡಬೇಡಿ, ಇನ್ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರವಾರ ಬದಲಿಸಿ, ಏಸಿಯ ನೀರು ಎಲ್ಲಿ ತೊಟ್ಟಿಕ್ಕುತ್ತದೆ ನೋಡಿ. ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ.

ಮಾಡುವ ಪರೀಕ್ಷೆ ಎರಡು. ಅಂಟದ ಪ್ಲೇಟಿನಲ್ಲಿ ಸೀರಮ್ ಇಲ್ಲದ, ಬೆಳವಣಿಗೆಯ ಅಂಶ ಹಾಕಿದ ಮೀಡಿಯಾದಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ನೋಡುವ ಸ್ಫಿಯರ್ ಪರೀಕ್ಷೆ ಒಂದು. ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲಿ ತೋರಿಸಿಕೊಟ್ಟ ಹಾಗೆ, ಒಡೆಯದಂತೆ ಮಾಡಿದ 3ಟಿ3 ಎಂಬ ಇಲಿಯ ಕೋಶಗಳ ಹಾಸಿನ ಮೇಲೆ ಕಾಲೊನಿ ಬೆಳೆಸುವುದು ಇನ್ನೊಂದು. ಸ್ಫಿಯರ್‌ನಲ್ಲಿ ಮೋಸ ಸುಲಭ: ಒತ್ತಾಗಿ ಹಾಕಿದರೆ ಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಉಂಡೆಯಾಗುತ್ತವೆ. ಪ್ಲೇಟಿನ ಒಂದು ಬಾವಿಗೆ (ಗುಳಿಗೆ) ಒಂದೇ ಕೋಶ ಬೀಳುವ ಹಾಗೆ ಸಾರ್ಟ್ ಮಾಡಿ, ಮರುದಿನ ಮೈಕ್ರೋಸ್ಕೋಪಿನಲ್ಲಿ ಒಂದೇ ಎಂದು ಖಚಿತ ಮಾಡಿ, ಆಮೇಲೆ ಉಂಡೆ ಎಣಿಸಿ. ಆ ಉಂಡೆ ಬಿಡಿಸಿ ಮತ್ತೆ ಹಾಕಿದಾಗಲೂ ಕಟ್ಟಿದರೆ ಮಾತ್ರ ಅದಕ್ಕೆ ತೂಕ.

ಬೆಳೆದದ್ದು ಕ್ಯಾನ್ಸರ್ ಹೌದೋ ಎಂಬುದನ್ನೂ ನೋಡಬೇಕು. ಪ್ಲೇಟಿನಲ್ಲಿ ಗಡ್ಡೆಯ ಕೋಶಕ್ಕಿಂತ ಫೈಬ್ರೊಬ್ಲಾಸ್ಟ್, ಮಾಮೂಲಿ ಕೆರಟಿನೊಸೈಟ್ ಹುರುಪಾಗಿ ಬೆಳೆಯುತ್ತವೆ. ಮೂಲ ಗಡ್ಡೆಯಲ್ಲಿ ಟಿಪಿ53 ಜೀನಿನ ಬದಲಾವಣೆ ಸಿಕ್ಕಿದ್ದರೆ ಅದೇ ಬದಲಾವಣೆ ಕಾಲೊನಿಯಲ್ಲಿಯೂ ಉಂಟೇ ನೋಡಿ. ಹಂತ 4ರಲ್ಲಿ ಘನೀಕರಿಸಿ ಇಟ್ಟ ಪಾಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ಸ್ಯಾಂಪಲ್ ಸಿಗದ ತಿಂಗಳುಗಳಲ್ಲಿ ಸೆಲ್ ಲೈನಿನಲ್ಲಿ ಕೈ ಪಳಗಿಸಬಹುದು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಬಹುದು. ಎ431 ತರಿಸಿ "ಚರ್ಮದ ಎಸ್‌ಸಿಸಿ" ಎಂದು ಬರೆಯುವವರು, ಅದು ಸ್ತ್ರೀಯ ಜನನಾಂಗದ ಹೊರಭಾಗದ ಗಡ್ಡೆಯಿಂದ ಬಂದದ್ದು ಎಂದೂ ಬರೆಯಬೇಕು. ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಹಂತ 8: ಇಲಿಯಲ್ಲಿ, ಲೆಕ್ಕದ ಸಮೇತ

ಎನ್‌ಎಸ್‌ಜಿ ಇಲಿ ಸಾಕುವ ಸೌಲಭ್ಯ ಎಲ್ಲ ಕಡೆ ಇಲ್ಲ. ನಿಮ್ಮಲ್ಲಿ ಇಲ್ಲದಿದ್ದರೆ ಇರುವವರ ಜತೆ ಮೊದಲ ವರ್ಷವೇ ಒಪ್ಪಂದ ಮಾಡಿಕೊಳ್ಳಿ. ನ್ಯೂಡ್ ಇಲಿಯಲ್ಲಿ ಮಾಡಿದರೆ ಮಾಡಬಹುದು, ಆದರೆ ಅದರಲ್ಲಿ ಕಿಲ್ಲರ್ ಕೋಶಗಳು ಇರುವುದರಿಂದ ಹಂತ 2ರ ಪ್ರಶ್ನೆಗೇ ಮರಳಿ ಬಂದು ಬೀಳುತ್ತೀರಿ.

ಒಂದೇ ಡೋಸ್ ಹಾಕಿ ಗಡ್ಡೆಯ ಗಾತ್ರ ಹೋಲಿಸುವುದು ಸಾಲದು. ಕೋಶಗಳ ಸಂಖ್ಯೆಯನ್ನು ಹತ್ತು ಪಟ್ಟು ಇಳಿಸುತ್ತ ಹೋಗಿ, ಎಷ್ಟು ಕಡೆ ಗಡ್ಡೆ ಬಂತು, ಎಷ್ಟು ಕಡೆ ಬರಲಿಲ್ಲ ಎಂದು ಎಣಿಸಬೇಕು. ಉದಾಹರಣೆಗೆ ಪ್ರತಿ ಡೋಸನ್ನು 8 ಕಡೆ ಹಾಕಿದಿರಿ. 10,000 ಕೋಶಕ್ಕೆ ಎಂಟಕ್ಕೆ ಎಂಟೂ ಬಂತು, 1,000ಕ್ಕೆ ಐದು ಬಂತು, 100ಕ್ಕೆ ಒಂದೂ ಬರಲಿಲ್ಲ. ಸರಾಸರಿ ಒಂದು ಕಾಂಡಕೋಶ ಬೀಳುವ ಡೋಸಿನಲ್ಲಿ, ಕೇವಲ ಅದೃಷ್ಟದ ಮೇಲೆ, ನೂರಕ್ಕೆ 37ರಷ್ಟು ಕಡೆ ಒಂದೂ ಬಿದ್ದಿರುವುದಿಲ್ಲ. ಇದು ಪಾಯ್ಸನ್ ಲೆಕ್ಕ. ಇಲ್ಲಿ 1,000ದ ಡೋಸಿನಲ್ಲಿ ಎಂಟಕ್ಕೆ ಮೂರು ಖಾಲಿ, ಅಂದರೆ ಸುಮಾರು 37. ಆದ್ದರಿಂದ ಸಾವಿರಕ್ಕೆ ಒಂದು ಎಂದು ಅಂದಾಜು. ಎಲ್ಲ ಡೋಸುಗಳನ್ನೂ ಸೇರಿಸಿ ಲೆಕ್ಕ ಹಾಕಲು ಎಲ್ಡಾ ಎಂಬ ಉಚಿತ ಸಾಫ್ಟ್‌ವೇರ್ ಉಂಟು, ತಪ್ಪಿನ ಮಿತಿಯನ್ನೂ ಕೊಡುತ್ತದೆ. ಎಲ್ಲ ಡೋಸಿಗೂ ಗಡ್ಡೆ ಬಂದರೆ ಸಂಖ್ಯೆ ಸಿಗುವುದಿಲ್ಲ, ಇನ್ನೂ ಕೆಳಗೆ ಇಳಿಯಬೇಕಿತ್ತು ಎಂಬುದಷ್ಟೇ ಗೊತ್ತಾಗುತ್ತದೆ.

ಬಂದ ಗಡ್ಡೆಯನ್ನು ಕತ್ತರಿಸಿ ಪೆಥಾಲಜಿಯವರಿಗೆ, ಯಾವ ಗುಂಪಿನದ್ದು ಎಂದು ಹೇಳದೆ, ಕೊಡಿ. ಕೆರಟಿನ್ ಮುತ್ತು ಬಂದಿದೆಯೇ? ಮಾನವ ಕೋಶಕ್ಕೆ ಮಾತ್ರ ಹತ್ತುವ ಪ್ರತಿಕಾಯಕ್ಕೆ ಬಣ್ಣ ಹತ್ತಿದೆಯೇ? ಸಾರ್ಟರಿನಲ್ಲಿ "ಇಲ್ಲದ" ಕೋಶಗಳೂ ಮತ್ತೆ ಕಾಣಿಸಿಕೊಂಡವೇ? ಹೌದಾದರೆ ಎರಡನೇ ಇಲಿಗೆ.

ಇಷ್ಟೆಲ್ಲ ಆದರೂ ನೀವು ಅಳೆದದ್ದು ಕಿತ್ತು, ಬಿಡಿಸಿ, ಬೇರೆ ಮೈಗೆ ಹಾಕಿದಾಗ ಕೋಶ ಏನು ಮಾಡಬಲ್ಲದು ಎಂಬುದನ್ನು. ತನ್ನ ಜಾಗದಲ್ಲಿ ಅದು ಏನು ಮಾಡುತ್ತಿತ್ತು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ 2012ರಲ್ಲಿ ಬ್ರಸೆಲ್ಸ್‌ನ ಸೆಡ್ರಿಕ್ ಬ್ಲಾನ್‌ಪಾನ್ ಅವರ ತಂಡ ಇಲಿಯ ಚರ್ಮದಲ್ಲೇ ಕೋಶಗಳಿಗೆ ಬಣ್ಣದ ಗುರುತು ಹಾಕಿ, ಸಂತತಿ ಹಿಂಬಾಲಿಸಿ ಕೊಟ್ಟಿತು. ಸಾಧು, ಅಂದರೆ ಕ್ಯಾನ್ಸರ್ ಅಲ್ಲದ, ಪ್ಯಾಪಿಲೋಮ ಗಡ್ಡೆಗಳಲ್ಲಿ ಶ್ರೇಣಿ ಸ್ಪಷ್ಟವಾಗಿತ್ತು. ಆಕ್ರಮಣಕಾರಿ ಎಸ್‌ಸಿಸಿಯಲ್ಲಿ ಬಲಿತು ಸಾಯುವ ಕೋಶ ಕಡಿಮೆಯಾಗಿ, ಕಾಂಡಕೋಶದಂತೆ ನಡೆಯುವವು ಹೆಚ್ಚಾಗಿದ್ದವು. ಮನುಷ್ಯರಲ್ಲಿ ಹಾಗೆ ಗುರುತು ಹಾಕಲು ಬರುವುದಿಲ್ಲ, ಈ ಮಿತಿಯನ್ನು ಚರ್ಚೆಯ ಅಧ್ಯಾಯದಲ್ಲಿ ನೀವೇ ಬರೆಯಿರಿ.

ಹಂತ 9: ಬರೆಯುವಾಗ

ಬಣ್ಣ ಹತ್ತಿದ್ದು ಮಾತ್ರ ನೋಡಿದ್ದರೆ "ಸಿಡಿ133 ಇರುವ ಕೋಶ" ಎನ್ನಿ. ಪ್ಲೇಟಿನಲ್ಲಿ ಮಾತ್ರ ನೋಡಿದ್ದರೆ "ಸ್ಫಿಯರ್ ಕಟ್ಟುವ ಕೋಶ". ಇಲಿಯಲ್ಲಿ ಒಂದು ಸುತ್ತು ಆಗಿದ್ದರೆ "ಗಡ್ಡೆ ಹುಟ್ಟಿಸುವ ಕೋಶ". ಮರುಸುತ್ತೂ ಆದ ಮೇಲೆ ಕಾಂಡಕೋಶ ಎಂದು ಬರೆಯಿರಿ, ಆಗಲೂ ಯಾವ ಇಲಿ, ಎಷ್ಟು ವಾರ ಎಂಬುದು ಅದೇ ವಾಕ್ಯದಲ್ಲಿರಲಿ.

ಚಿಕಿತ್ಸೆಯ ಮಾತು ಬಂದರೆ ಉತ್ಪ್ರೇಕ್ಷೆ ಬೇಡ. ಹೇಳಲು ಗಟ್ಟಿ ಉದಾಹರಣೆ ಬಿಸಿಸಿಯಲ್ಲಿದೆ. ಹೆಡ್ಜ್‌ಹಾಗ್ ದಾರಿ ತಡೆಯುವ ವಿಸ್ಮೊಡೆಜಿಬ್ ಔಷಧಿಗೆ ಅಮೆರಿಕದಲ್ಲಿ 2012ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಗಡ್ಡೆ ಕರಗುತ್ತದೆ, ಔಷಧಿ ನಿಲ್ಲಿಸಿದರೆ ಎಷ್ಟೋ ಸಲ ಮರಳುತ್ತದೆ. 2018ರಲ್ಲಿ ಇಲಿಗಳ ಬಿಸಿಸಿಯಲ್ಲಿ, ಔಷಧಿಗೆ ಸಾಯದೆ ಉಳಿದ ಎಲ್‌ಜಿಆರ್5 ಇರುವ ಕೋಶಗಳೇ ಮರಳಿ ಬೆಳೆಯುತ್ತವೆ, ಡಬ್ಲ್ಯುಎನ್‌ಟಿ ಸಂಕೇತವನ್ನೂ ಜತೆಗೆ ತಡೆದರೆ ಉಳಿಕೆ ಕಡಿಮೆಯಾಗುತ್ತದೆ ಎಂದು ತೋರಿಸಿದರು.

ವಿಷಯ ಗೊತ್ತಾದ ಮೇಲೆ ನೆಂಟರಿಷ್ಟರ ಫೋನ್ ಬರುತ್ತದೆ: "ಸ್ಟೆಮ್ ಸೆಲ್ ಹಾಕಿಸಿದ್ರೆ ಮಾವನಿಗೆ ಗುಣ ಆಗ್ತದಂತೆ, ಹೌದಾ?" ನೀವು ಹುಡುಕುವುದಕ್ಕೂ ಜಾಹೀರಾತಿನವರು ಮಾರುವುದಕ್ಕೂ ಸಂಬಂಧವಿಲ್ಲ ಎಂದು ಹೇಳಿ. 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ರೋಗಗಳಿಗೆ ಮಾಡುವ ಕಾಂಡಕೋಶ ಕಸಿಯಂಥದ್ದನ್ನು ಬಿಟ್ಟು ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ನಡೆಯಬೇಕು, ಅಲ್ಲಿ ದುಡ್ಡು ಕೇಳುವ ಹಾಗಿಲ್ಲ. ಮಾವನ ಚರ್ಮದ ಗಡ್ಡೆ ಸಣ್ಣದಿರುವಾಗಲೇ ಸರ್ಜನ್ ಹತ್ತಿರ ಹೋದರೆ ಹೆಚ್ಚಿನ ಬಿಸಿಸಿ, ಎಸ್‌ಸಿಸಿಗಳು ಅಲ್ಲೇ ಮುಗಿಯುತ್ತವೆ ಎಂಬುದನ್ನೂ ಹೇಳಿ.

ಹಂತ 10: ಉಳಿದದ್ದನ್ನು ಇಡುವುದು

ಉಳಿದ ಕೋಶಗಳನ್ನು ಸೀರಮ್‌ನಲ್ಲಿ ನೂರಕ್ಕೆ ಹತ್ತು ಡಿಎಂಎಸ್‌ಒ ಹಾಕಿ, ನಿಮಿಷಕ್ಕೆ ಒಂದು ಡಿಗ್ರಿಯ ಹಾಗೆ ತಣಿಸಿ, ಮರುದಿನ ದ್ರವ ಸಾರಜನಕಕ್ಕೆ ಸಾಗಿಸಿ. ಮೈನಸ್ 80ರ ಫ್ರೀಜರಿನಲ್ಲೇ ತಿಂಗಳುಗಟ್ಟಲೆ ಬಿಡಬೇಡಿ. ಸಾರಜನಕದ ಮಟ್ಟ ಅಳೆಯುವವರು ಯಾರು, ರಜೆಯಲ್ಲಿ ಯಾರು ಎಂಬುದು ಕ್ಯಾನಿನ ಮೇಲೆಯೇ ಅಂಟಿಸಿರಲಿ. ತೇವದಲ್ಲಿ ಮಾಮೂಲಿ ಸ್ಟಿಕರ್ ಕಿತ್ತುಬರುತ್ತದೆ, ಕ್ರಯೋ ಲೇಬಲ್ಲೇ ಬಳಸಿ. ಕೋಡ್, ದಿನಾಂಕ, ಎಷ್ಟನೇ ಸುತ್ತಿನ ಕೋಶ, ಯಾವ ಗುಂಪು, ಯಾವ ಕಪಾಟಿನ ಎಷ್ಟನೇ ಗೂಡು, ಎಲ್ಲವೂ ಪುಸ್ತಕದಲ್ಲಿಯೂ ಕಂಪ್ಯೂಟರಿನಲ್ಲಿಯೂ ಇರಬೇಕು. ಕೋಡನ್ನು ರೋಗಿಯ ಹೆಸರಿಗೆ ಜೋಡಿಸುವ ಪಟ್ಟಿ ಮಾತ್ರ ಗೈಡ್ ಹತ್ತಿರ, ಬೀಗ ಹಾಕಿದ ಕಪಾಟಿನಲ್ಲಿ.